ಸರಳರೇಖೆಯ ಸಮೀಕರಣ: ಓದುವುದು, ಪಟ್ಟಿ ಮಾಡುವುದು, ಗ್ರಾಫ್ ಎಳೆಯುವುದು

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೊ ಮೀಟರ್ ದರ ಹೀಗಿದೆ: ಮೊದಲ 2 ಕಿ.ಮೀ.ವರೆಗೆ ಕನಿಷ್ಠ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. 5 ಕಿ.ಮೀ. ಹೋದರೆ ಮೊದಲ ಎರಡಕ್ಕೆ 36, ಉಳಿದ ಮೂರಕ್ಕೆ 54, ಒಟ್ಟು 90. 7 ಕಿ.ಮೀ.ಗೆ 36 ಮತ್ತು 90 ಸೇರಿ 126. 10 ಕಿ.ಮೀ.ಗೆ 36 ಮತ್ತು 144 ಸೇರಿ 180. ಈ ಮೂರು ಜೋಡಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿ ಸ್ಕೇಲ್ ಇಟ್ಟು ನೋಡಿ. ಮೂರೂ ಒಂದೇ ಗೆರೆಯ ಮೇಲೆ ಕೂರುತ್ತವೆ. ದೂರ ಒಂದು ಕಿ.ಮೀ. ಹೆಚ್ಚಿದಾಗಲೆಲ್ಲ ಬಾಡಿಗೆ ಅದೇ 18 ರೂಪಾಯಿ ಏರುತ್ತದೆ. ಏರಿಕೆ ಬದಲಾಗದಿದ್ದರೆ ಗೆರೆ ಬಾಗುವುದಿಲ್ಲ. ರೇಖಾತ್ಮಕ ಸಮೀಕರಣಕ್ಕೆ ಆ ಹೆಸರು ಬಂದದ್ದೇ ಇದರಿಂದ.

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಲ್ಲಿ ಅನೇಕರಿಗೆ ಗ್ರಾಫ್ ಎಂದರೆ ಬೀಜಗಣಿತದ ಜೊತೆಗೆ ಬರುವ ಒಂದು ಚಿತ್ರ ಬಿಡಿಸುವ ಕೆಲಸ. ಅದು ಹಾಗಲ್ಲ. ಗೆರೆಯ ಮೇಲಿನ ಒಂದೊಂದು ಬಿಂದುವೂ ಸಮೀಕರಣದ ಒಂದೊಂದು ಉತ್ತರ. ಗೆರೆಯ ಮೇಲಿರುವ ಬಿಂದುವಿನ ಬೆಲೆಗಳನ್ನು ಸಮೀಕರಣಕ್ಕೆ ಹಾಕಿದರೆ ಎಡಭಾಗ ಬಲಭಾಗಕ್ಕೆ ಸಮವಾಗಲೇಬೇಕು. ಗೆರೆಯಿಂದ ಆಚೆ ಇರುವ ಯಾವ ಬಿಂದುವನ್ನು ಹಾಕಿದರೂ ಸಮವಾಗಬಾರದು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅಕ್ಷರಗಳ ಬಗ್ಗೆ

ಶಾಲೆಯ ಪುಸ್ತಕದಲ್ಲಿ ಚರಾಕ್ಷರಗಳು ಎಕ್ಸ್ ಮತ್ತು ವೈ. ಈ ಬರಹದಲ್ಲಿ ಎಕ್ಸ್ ಬದಲು ‘ಅ’, ವೈ ಬದಲು ‘ಲ’ ಬಳಸಿದ್ದೇವೆ. ಅಡ್ಡ ಅಕ್ಷದ ಮೇಲೆ ಅಳೆಯುವುದು ಅ, ಲಂಬ ಅಕ್ಷದ ಮೇಲೆ ಅಳೆಯುವುದು ಲ. ಯಾವುದು ಎಲ್ಲಿ ಎಂಬ ಗೊಂದಲವೇ ಬರುವುದಿಲ್ಲ. ಅಕ್ಷರ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ. ಅದು ಇನ್ನೂ ತಿಳಿಯದ ಅಥವಾ ಬದಲಾಗುತ್ತಿರುವ ಸಂಖ್ಯೆಗೆ ಇಟ್ಟ ಹೆಸರು, ಅಷ್ಟೇ. 12ನೇ ಶತಮಾನದ ಭಾಸ್ಕರಾಚಾರ್ಯರು ಅಜ್ಞಾತ ರಾಶಿಗಳನ್ನು ಯಾವತ್ತಾವತ್, ಕಾಲಕ, ನೀಲಕ ಎಂದು ಕರೆದು, ಯಾ, ಕಾ, ನೀ ಎಂದು ಚುಟುಕಾಗಿ ಬರೆಯುತ್ತಿದ್ದರು. ಎಕ್ಸ್, ವೈ ಬಳಕೆ ಗಟ್ಟಿಯಾದದ್ದು 1637ರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಜ್ಯಾಮಿತಿಯನ್ನೂ ಬೀಜಗಣಿತವನ್ನೂ ಕೂಡಿಸಿ ಬರೆದ ಮೇಲೆ.

ಬಿಂದುವನ್ನು ಬರೆಯುವಾಗ ಅಡ್ಡದ ಬೆಲೆ ಮೊದಲು, ಲಂಬದ ಬೆಲೆ ಆಮೇಲೆ: (ಅ, ಲ). (3, 5) ಬೇರೆ, (5, 3) ಬೇರೆ.

ರೇಖಾತ್ಮಕ ಹೌದೋ ಅಲ್ಲವೋ

ಗ್ರಾಫ್ ಹಾಳೆ ಮುಟ್ಟುವ ಮೊದಲು ಸಮೀಕರಣವನ್ನು ಒಮ್ಮೆ ನೋಡಿ. ಚರಾಕ್ಷರದ ಘಾತ ಒಂದೇ ಆಗಿರಬೇಕು, ಎರಡು ಚರಾಕ್ಷರಗಳು ಒಂದನ್ನೊಂದು ಗುಣಿಸಿಕೊಂಡಿರಬಾರದು, ಚರಾಕ್ಷರ ಭಿನ್ನರಾಶಿಯ ಕೆಳಗೆ ಅಥವಾ ವರ್ಗಮೂಲದ ಒಳಗೆ ಇರಬಾರದು. 3ಅ + 2ಲ = 7 ರೇಖಾತ್ಮಕ. ಲ = ಅ/5 ಕೂಡ ರೇಖಾತ್ಮಕ, ಏಕೆಂದರೆ ಅದು ಅ ಬೆಲೆಯ ಐದನೇ ಒಂದು ಪಾಲು ಮಾತ್ರ. ಆದರೆ ಲ = 5/ಅ ರೇಖಾತ್ಮಕವಲ್ಲ, ಅದರ ನಕ್ಷೆ ಬಾಗುತ್ತದೆ. ಅ × ಲ = 6, ಲ = ಅ² + 1 ಇವೂ ಅಲ್ಲ. 2(ಅ − 3) = ಲ + 1 ನೋಡಲು ಬೇರೆ ಥರ ಇದ್ದರೂ ಆವರಣ ಬಿಡಿಸಿದರೆ ಲ = 2ಅ − 7 ಆಗುತ್ತದೆ. ಅನುಮಾನ ಬಂದರೆ ಆವರಣ ಬಿಡಿಸಿ ಪದಗಳನ್ನು ಜೋಡಿಸಿದ ಮೇಲೆಯೇ ತೀರ್ಮಾನಿಸಿ.

2ಅ + 3 = 11 ಎಂಬಂಥ ಒಂದೇ ಚರಾಕ್ಷರದ ಸಮೀಕರಣಕ್ಕೆ ಒಂದೇ ಉತ್ತರ: ಅ = 4. ಎರಡು ಚರಾಕ್ಷರ ಬಂದ ಕೂಡಲೇ ಉತ್ತರಗಳಿಗೆ ಕೊನೆಯಿಲ್ಲ. ಅ + ಲ = 10 ಆಗಲು (1, 9) ಸಾಕು, (4, 6) ಸಾಕು, (2.5, 7.5) ಸಾಕು, (−3, 13) ಕೂಡ ಸಾಕು. ಇವನ್ನೆಲ್ಲ ಪಟ್ಟಿ ಮಾಡಿ ಮುಗಿಸಲಾಗದು. ಅದಕ್ಕೇ ಗೆರೆ ಎಳೆಯುತ್ತೇವೆ.

ಹಾಳೆಯನ್ನು ಸಿದ್ಧಮಾಡುವುದು

ಶಾಲೆಗಳಲ್ಲಿ ಸಿಗುವ ಗ್ರಾಫ್ ಹಾಳೆಯಲ್ಲಿ ದಪ್ಪ ಗೆರೆಯ ದೊಡ್ಡ ಚೌಕ 1 ಸೆಂ.ಮೀ., ಅದರ ಪ್ರತಿ ಬದಿಯಲ್ಲಿ 10 ಸಣ್ಣ ಮನೆಗಳು, ಒಂದೊಂದೂ 1 ಮಿ.ಮೀ. ಪೆನ್ಸಿಲ್ ಮೊನೆ ಮೊಂಡಾಗಿದ್ದರೆ ಗೆರೆಯೇ ಅರ್ಧ ಮನೆಯಷ್ಟು ದಪ್ಪವಾಗುತ್ತದೆ, ಆಗ ಓದಿದ ಬೆಲೆಯನ್ನು ನಂಬಲಾಗದು. ಚೂಪು ಮಾಡಿದ ಪೆನ್ಸಿಲ್, ಅಂಚು ಸವೆಯದ ಉದ್ದದ ಸ್ಕೇಲ್ ಇಟ್ಟುಕೊಳ್ಳಿ. ಪೆನ್ನು ಬೇಡ.

ಮೊದಲು ಪಟ್ಟಿ, ಆಮೇಲೆ ಅಕ್ಷ. ಈ ಕ್ರಮವನ್ನು ತಿರುವುಮುರುವು ಮಾಡುವುದೇ ಹಾಳೆ ವ್ಯರ್ಥವಾಗಲು ಮುಖ್ಯ ಕಾರಣ. ಅಕ್ಷಗಳನ್ನು ಹಾಳೆಯ ನಟ್ಟನಡುವೆ ಎಳೆದ ಮೇಲೆ ನಿಮ್ಮ ಬೆಲೆಗಳು 0ಯಿಂದ 40, 0ಯಿಂದ 120 ಎಂದು ಗೊತ್ತಾದರೆ ಹಾಳೆಯ ಮುಕ್ಕಾಲು ಭಾಗ ಖಾಲಿ ಉಳಿದು, ಬೇಕಾದ ಭಾಗ ಇಕ್ಕಟ್ಟಾಗುತ್ತದೆ. ಪಟ್ಟಿಯಲ್ಲಿ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆ ಯಾವುದು ನೋಡಿ. ಋಣ ಸಂಖ್ಯೆಗಳಿದ್ದರೆ ಮೂಲಬಿಂದುವನ್ನು ನಡುವೆ ಇಡಿ, ಇಲ್ಲದಿದ್ದರೆ ಎಡಕೆಳಗಿನ ಮೂಲೆಯ ಹತ್ತಿರ ಇಡಿ.

ಪ್ರಮಾಣ ಆರಿಸುವಾಗ 1 ಸೆಂ.ಮೀ.ಗೆ 1, 2, 5, 10, 20, 50 ಮಾನ ಇಂಥವನ್ನೇ ಇಟ್ಟುಕೊಳ್ಳಿ. 3 ಅಥವಾ 7 ಇಟ್ಟರೆ ಒಂದು ಸಣ್ಣ ಮನೆ 0.3 ಅಥವಾ 0.7 ಆಗಿ, ಪ್ರತಿ ಬಿಂದುವಿಗೂ ಲೆಕ್ಕ ಹಾಕುತ್ತ ಕೂರಬೇಕು. 1 ಸೆಂ.ಮೀ. = 5 ಮಾನ ಎಂದರೆ ಒಂದು ಸಣ್ಣ ಮನೆ 0.5 ಮಾನ. ತುಂಬ ಮಕ್ಕಳು ಇಲ್ಲಿಯೂ ಅದನ್ನು 0.1 ಎಂದೇ ಓದುತ್ತಾರೆ. ಎರಡು ಅಕ್ಷಗಳ ಪ್ರಮಾಣ ಬೇರೆ ಬೇರೆ ಇರಬಹುದು, ಆದರೆ ಒಂದೇ ಅಕ್ಷದ ಉದ್ದಕ್ಕೂ ಬದಲಾಗಬಾರದು. 0, 1, 2, 5, 10 ಎಂದು ಸಮಾನ ಅಂತರದಲ್ಲಿ ಬರೆದರೆ ನೇರವಾಗಬೇಕಾದ ಗೆರೆ ಮುರಿಯುತ್ತದೆ. ಹಾಳೆಯ ಮೂಲೆಯಲ್ಲಿ ಎರಡೂ ಪ್ರಮಾಣಗಳನ್ನು ಬರೆದಿಡಿ. ಪರೀಕ್ಷೆಯ ದೃಷ್ಟಿಯಿಂದಲೂ ಇದನ್ನು ಮರೆಯಬಾರದು.

ಪಟ್ಟಿ ಮಾಡಿ ಎಳೆಯುವುದು

ಲ = 2ಅ − 3 ತೆಗೆದುಕೊಳ್ಳೋಣ. ಅ ಬೆಲೆಯನ್ನು ನೀವೇ ಆರಿಸಿ ಸಮೀಕರಣದಲ್ಲಿ ಆದೇಶಿಸಿ.

ಅ = −1 ಆದಾಗ ಲ = 2 × (−1) − 3 = −5
ಅ = 0 ಆದಾಗ ಲ = 0 − 3 = −3
ಅ = 4 ಆದಾಗ ಲ = 8 − 3 = 5

ಬಿಂದುಗಳು (−1, −5), (0, −3), (4, 5). ಮೂಲಬಿಂದುವಿನಿಂದ ಮೊದಲು ಅಡ್ಡಕ್ಕೆ ನಡೆಯಿರಿ: ಧನವಾದರೆ ಬಲಕ್ಕೆ, ಋಣವಾದರೆ ಎಡಕ್ಕೆ. ನಿಂತ ಜಾಗದಿಂದ ಮೇಲಕ್ಕೆ ಅಥವಾ ಕೆಳಕ್ಕೆ ಹೋಗಿ. ಅಲ್ಲಿ ಸಣ್ಣ ಚುಕ್ಕಿ ಇಟ್ಟು ಪಕ್ಕದಲ್ಲಿ ನಿರ್ದೇಶಾಂಕ ಬರೆಯಿರಿ. ಮೂರೂ ಆದ ಮೇಲೆ ಸ್ಕೇಲ್ ಇಟ್ಟು, ಕೊನೆಯ ಬಿಂದುಗಳಿಂದ ಆಚೆಗೂ ಗೆರೆ ಚಾಚಿ, ಎರಡು ತುದಿಗೂ ಬಾಣದ ಗುರುತು ಹಾಕಿ. ಗೆರೆಯ ಪಕ್ಕದಲ್ಲಿ ಸಮೀಕರಣ ಬರೆಯಿರಿ.

ಸರಳರೇಖೆಗೆ ಎರಡು ಬಿಂದು ಸಾಕಲ್ಲ, ಮೂರು ಏಕೆ? ಎರಡು ಬಿಂದುಗಳ ನಡುವೆ ಯಾವಾಗಲೂ ಒಂದು ಗೆರೆ ಎಳೆಯಬಹುದು, ಒಂದು ಬಿಂದು ತಪ್ಪಾಗಿದ್ದರೂ ಎಳೆಯಬಹುದು. ಆಗ ನಿಮಗೆ ಸಿಗುವುದು ನೇರವಾದ, ಅಂದವಾದ, ಪೂರ್ತಿ ತಪ್ಪಾದ ಗೆರೆ. ಮೂರನೆಯ ಬಿಂದು ಗೆರೆಯ ಮೇಲೆ ಕೂರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ಆಗಲೇ ತಿಳಿಯುತ್ತದೆ. ಅದನ್ನು ಒತ್ತಾಯದಿಂದ ಸೇರಿಸಿ ಗೆರೆಯನ್ನು ಬಾಗಿಸಬೇಡಿ. ಪಟ್ಟಿಗೆ ಹಿಂದಿರುಗಿ ಮೂರನ್ನೂ ಮತ್ತೆ ಲೆಕ್ಕ ಹಾಕಿ. ತಪ್ಪಿರುವುದು ಮೂರನೆಯದೇ ಆಗಬೇಕೆಂದಿಲ್ಲ.

ಬಿಂದುಗಳು ಒಂದಕ್ಕೊಂದು ದೂರ ಇರಲಿ. ಎರಡು ಚುಕ್ಕಿಗಳ ನಡುವೆ 1 ಸೆಂ.ಮೀ. ಮಾತ್ರ ಇದ್ದು, ಒಂದು ಚುಕ್ಕಿ ಅರ್ಧ ಮಿ.ಮೀ. ಜರುಗಿದ್ದರೆ, ಸರಿಯಾದ ಚುಕ್ಕಿಯಿಂದ 10 ಸೆಂ.ಮೀ. ಆಚೆ ಗೆರೆ 5 ಮಿ.ಮೀ. ತಪ್ಪಿರುತ್ತದೆ. ಅದೇ ಚುಕ್ಕಿಗಳು 10 ಸೆಂ.ಮೀ. ದೂರ ಇದ್ದರೆ ನಡುವಿನ ತಪ್ಪು ಅರ್ಧ ಮಿ.ಮೀ. ಮೀರುವುದಿಲ್ಲ. ಅ = 0, 1, 2 ಎಂದು ಅಭ್ಯಾಸಬಲದಿಂದ ತೆಗೆದುಕೊಳ್ಳುವ ಬದಲು −2, 0, 4 ಎಂಬಂಥ ಬೆಲೆ ಒಳ್ಳೆಯದು.

ಪಟ್ಟಿಯಲ್ಲಿ ಹೆಚ್ಚಾಗಿ ಎಡವುವುದು ಋಣ ಚಿಹ್ನೆಯಲ್ಲಿ. ಲ = 5 − 2ಅ, ಅ = −2 ಎಂದಿರಲಿ. 2 × (−2) = −4. 5ರಿಂದ −4 ಕಳೆದರೆ 9. ಆವರಣ ಬರೆಯದೆ ಅವಸರ ಮಾಡಿದವರಿಗೆ 5 − 4 = 1 ಬರುತ್ತದೆ. ಋಣ ಬೆಲೆಯನ್ನು ಆದೇಶಿಸುವಾಗ ಪ್ರತಿ ಸಲವೂ ಆವರಣ ಹಾಕಿ, ಎಷ್ಟೇ ಸುಲಭವಾಗಿ ಕಂಡರೂ ಹಾಕಿ.

ಭಿನ್ನರಾಶಿ ಇದ್ದರೆ ಅ ಬೆಲೆಯನ್ನು ಜಾಣತನದಿಂದ ಆರಿಸಬೇಕು. ಲ = (2/3)ಅ + 1 ಇದಕ್ಕೆ ಅ = 1 ಹಾಕಿದರೆ 1.666… ಬಂದು, ಹಾಳೆಯಲ್ಲಿ ಅದನ್ನು ಸರಿಯಾಗಿ ಗುರುತಿಸಲು ಆಗುವುದಿಲ್ಲ. ಛೇದ 3 ಇರುವುದರಿಂದ 3ರ ಗುಣಕಗಳನ್ನು ಹಾಕಿ: −3 ಹಾಕಿದರೆ −1, 0 ಹಾಕಿದರೆ 1, 3 ಹಾಕಿದರೆ 3, 6 ಹಾಕಿದರೆ 5. ಎಲ್ಲ ಪೂರ್ಣಾಂಕ.

ಅಕ್ಷಗಳನ್ನು ಎಲ್ಲಿ ಕಡಿಯುತ್ತದೆ

2ಅ + 3ಲ = 12 ರೂಪದ ಸಮೀಕರಣಕ್ಕೆ ಇನ್ನೊಂದು ಬೇಗದ ದಾರಿ ಇದೆ. ಅ = 0 ಎಂದಿಡಿ: 3ಲ = 12, ಲ = 4. ಬಿಂದು (0, 4). ಲ = 0 ಎಂದಿಡಿ: 2ಅ = 12, ಅ = 6. ಬಿಂದು (6, 0). ಪರೀಕ್ಷೆಗೆ ಮೂರನೆಯದು ಅ = 3: 6 + 3ಲ = 12, ಲ = 2. ಬಿಂದು (3, 2). ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅ = 0 ಇಟ್ಟು ಲ = 4 ಎಂದು ಸರಿಯಾಗಿ ಕಂಡುಹಿಡಿದವರು ಚುಕ್ಕಿಯನ್ನು ಅಡ್ಡ ಅಕ್ಷದ 4ರ ಮೇಲೆ ಇಡುತ್ತಾರೆ. ಅ ಸೊನ್ನೆ ಎಂದರೆ ಅಡ್ಡಕ್ಕೆ ಒಂದು ಹೆಜ್ಜೆಯೂ ಇಟ್ಟಿಲ್ಲ ಎಂದರ್ಥ. ಹಾಗಾದರೆ ಚುಕ್ಕಿ ಲಂಬ ಅಕ್ಷದ ಮೇಲೆಯೇ ಇರಬೇಕು.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. 3ಅ + 2ಲ = 0 ಇದಕ್ಕೆ ಅ = 0 ಇಟ್ಟರೂ, ಲ = 0 ಇಟ್ಟರೂ ಸಿಗುವುದು ಮೂಲಬಿಂದು ಒಂದೇ. ಒಂದು ಬಿಂದುವಿನಿಂದ ಗೆರೆ ಎಳೆಯಲಾಗದು, ಅ = 2 ಹಾಕಿ (2, −3) ಪಡೆಯಿರಿ. 7ಅ + 5ಲ = 11 ಎಂದಿದ್ದರೆ ಅಕ್ಷಗಳನ್ನು ಕಡಿಯುವ ಜಾಗಗಳು 11/7 ಮತ್ತು 11/5, ಮೊದಲನೆಯದನ್ನಂತೂ ಹಾಳೆಯಲ್ಲಿ ನಿಖರವಾಗಿ ಗುರುತಿಸಲಾಗದು. ಆಗ ಒಂದು ಪೂರ್ಣಾಂಕ ಜೋಡಿಯನ್ನು ಹುಡುಕಿ. ಅ = 3 ಹಾಕಿದರೆ 21 + 5ಲ = 11, ಲ = −2. ಒಂದು ಸಿಕ್ಕರೆ ಉಳಿದವು ತಾವಾಗಿ ಬರುತ್ತವೆ: ಅ ಬೆಲೆಗೆ 5 ಕೂಡಿಸಿದಾಗ ಲ ಬೆಲೆಯಲ್ಲಿ 7 ಕಳೆಯಿರಿ, ಅ ಬೆಲೆಯಲ್ಲಿ 5 ಕಳೆದಾಗ ಲ ಬೆಲೆಗೆ 7 ಕೂಡಿಸಿ. (3, −2)ರಿಂದ (−2, 5) ಮತ್ತು (8, −9) ಸಿಗುತ್ತವೆ. 7 × 5 ಹೆಚ್ಚಾದದ್ದು 5 × 7 ಕಡಿಮೆಯಾಗಿ ಸರಿತೂಗುವುದರಿಂದ ಮೊತ್ತ 11 ಆಗಿಯೇ ಉಳಿಯುತ್ತದೆ. ಇಂಥ ಪೂರ್ಣಾಂಕ ಉತ್ತರಗಳನ್ನು ಕ್ರಮಬದ್ಧವಾಗಿ ಹುಡುಕುವ ಕುಟ್ಟಕ ವಿಧಾನವನ್ನು ಆರ್ಯಭಟ 499ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ.

ಇಳಿಜಾರು

ಕನ್ನಡದ ಈ ಪದ ಮಕ್ಕಳನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಇಳಿಜಾರು ಎಂದರೆ ಇಳಿಯುವುದೇ ಇರಬೇಕು ಎನಿಸುತ್ತದೆ. ಗಣಿತದಲ್ಲಿ ಎಡದಿಂದ ಬಲಕ್ಕೆ ನಡೆಯುವಾಗ ಗೆರೆ ಏರಿದರೆ ಇಳಿಜಾರು ಧನ, ಇಳಿದರೆ ಋಣ. ಅಡ್ಡಕ್ಕೆ ಒಂದು ಮಾನ ಮುಂದೆ ಹೋದಾಗ ಲಂಬಕ್ಕೆ ಎಷ್ಟು ಮಾನ ಏರಿತು ಅಥವಾ ಇಳಿಯಿತು ಎಂಬ ಸಂಖ್ಯೆಯೇ ಇಳಿಜಾರು. ಆಟೊ ಲೆಕ್ಕದಲ್ಲಿ ಅದು 18, ಅಂದರೆ ಕಿ.ಮೀ.ಗೆ 18 ರೂಪಾಯಿ. ಇಳಿಜಾರನ್ನು ‘ಒಂದಕ್ಕೆ ಎಷ್ಟು’ ಎಂದು ಓದುವ ರೂಢಿ ಮಾಡಿಕೊಂಡರೆ ಅದು ಎಂದೂ ಮರೆಯುವುದಿಲ್ಲ.

ಸಮೀಕರಣವನ್ನು ಲ ಒಂದೇ ಎಡಕ್ಕೆ ಉಳಿಯುವಂತೆ ಬರೆದರೆ ಅ ಪಕ್ಕದ ಸಹಗುಣಕವೇ ಇಳಿಜಾರು, ಒಂಟಿಯಾಗಿ ಉಳಿದ ಸಂಖ್ಯೆಯೇ ಗೆರೆ ಲಂಬ ಅಕ್ಷವನ್ನು ಕಡಿಯುವ ಜಾಗ. ಲ = 2ಅ − 3ರಲ್ಲಿ ಇಳಿಜಾರು 2, ಕಡಿಯುವುದು −3ರಲ್ಲಿ. ಹಾಗಾಗಿ ಪಟ್ಟಿಯೇ ಇಲ್ಲದೆ ಎಳೆಯಬಹುದು: (0, −3)ರಲ್ಲಿ ಚುಕ್ಕಿ ಇಡಿ, 1 ಬಲಕ್ಕೆ ಹೋಗಿ 2 ಮೇಲೇರಿ, ಮತ್ತೆ 1 ಬಲಕ್ಕೆ 2 ಮೇಲೆ. ಇಳಿಜಾರು −3/4 ಆದರೆ 4 ಬಲಕ್ಕೆ, 3 ಕೆಳಕ್ಕೆ. ಋಣ ಚಿಹ್ನೆಯನ್ನು ಎರಡೂ ಕಡೆಗೆ ಹಂಚಬೇಡಿ. 4 ಎಡಕ್ಕೆ, 3 ಕೆಳಕ್ಕೆ ಹೋದರೆ ಅದು +3/4ರ ಗೆರೆಯಾಗುತ್ತದೆ.

3ಅ − 2ಲ = 8 ಅನ್ನು ಈ ರೂಪಕ್ಕೆ ತರುವಾಗ ಎಚ್ಚರ. ಪಕ್ಷಾಂತರ ಮಾಡಿದರೆ −2ಲ = 8 − 3ಅ. ಈಗ ಎರಡೂ ಭಾಗವನ್ನು −2ರಿಂದ ಭಾಗಿಸಬೇಕು, ಬಲಭಾಗದ ಎರಡೂ ಪದಗಳನ್ನು: ಲ = −4 + (3/2)ಅ. ಒಂದೇ ಪದವನ್ನು ಭಾಗಿಸಿ ಇನ್ನೊಂದನ್ನು ಹಾಗೇ ಬಿಡುವುದು, 8 ಅನ್ನು −2ರಿಂದ ಭಾಗಿಸುವಾಗ ಚಿಹ್ನೆ ಮರೆಯುವುದು, ಈ ಎರಡು ತಪ್ಪುಗಳೇ ಇಲ್ಲಿ ಹೆಚ್ಚು. ಅ = 2 ಹಾಕಿ ಪರೀಕ್ಷಿಸಿ: ಲ = −4 + 3 = −1. ಮೂಲ ಸಮೀಕರಣದಲ್ಲಿ 6 + 2 = 8. ಸರಿ.

ಎರಡು ಬಿಂದು ಕೊಟ್ಟು ಇಳಿಜಾರು ಕೇಳಿದರೆ ಲಂಬ ಬೆಲೆಗಳ ವ್ಯತ್ಯಾಸವನ್ನು ಅಡ್ಡ ಬೆಲೆಗಳ ವ್ಯತ್ಯಾಸದಿಂದ ಭಾಗಿಸಿ. (−2, 5) ಮತ್ತು (4, −7): ಮೇಲೆ −7 − 5 = −12, ಕೆಳಗೆ 4 − (−2) = 6, ಇಳಿಜಾರು −2. ಮೇಲೆ ಎರಡನೆಯ ಬಿಂದುವಿನಿಂದ ಶುರು ಮಾಡಿದರೆ ಕೆಳಗೂ ಎರಡನೆಯದರಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಚಿಹ್ನೆ ತಿರುಗಿಬಿಡುತ್ತದೆ. ಇನ್ನು ಲ = −2ಅ + ಒಂದು ಸ್ಥಿರಾಂಕ. (−2, 5) ಹಾಕಿದರೆ 5 = 4 + ಸ್ಥಿರಾಂಕ, ಆದ್ದರಿಂದ ಸ್ಥಿರಾಂಕ 1. ಸಮೀಕರಣ ಲ = −2ಅ + 1. ಇನ್ನೊಂದು ಬಿಂದುವಿನಿಂದ ತಾಳೆ ನೋಡಿ: −8 + 1 = −7.

ಕಣ್ಣಿಗೆ ಕಾಣುವ ಇಳಿಜಾರು ಮತ್ತು ನಿಜವಾದ ಇಳಿಜಾರು

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಬದಲಿಸುವ ಸೂತ್ರ ಸರಳರೇಖೆಯದೇ: ಫ = 1.8ಸ + 32. ಸ ಬೆಲೆಯಾಗಿ 5ರ ಗುಣಕಗಳನ್ನು ತೆಗೆದುಕೊಂಡರೆ ದಶಮಾಂಶ ಬರುವುದಿಲ್ಲ. 0ಗೆ 32, 10ಕ್ಕೆ 50, 25ಕ್ಕೆ 77, 40ಕ್ಕೆ 104. ಅಡ್ಡ ಅಕ್ಷದಲ್ಲಿ 1 ಸೆಂ.ಮೀ. = 5 ಡಿಗ್ರಿ, ಲಂಬ ಅಕ್ಷದಲ್ಲಿ 1 ಸೆಂ.ಮೀ. = 10 ಡಿಗ್ರಿ ಎಂದಿಟ್ಟರೆ 8 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದಲ್ಲಿ ಎಲ್ಲವೂ ಹಿಡಿಸುತ್ತದೆ.

ಈಗ ಆ ಗೆರೆಯ ಮೇಲೆ ಮನೆ ಎಣಿಸಿ ಇಳಿಜಾರು ಕಂಡುಹಿಡಿಯಲು ಹೋದರೆ ಏನಾಗುತ್ತದೆ ನೋಡಿ. 2 ಸೆಂ.ಮೀ. ಅಡ್ಡಕ್ಕೆ ಹೋದಾಗ 1.8 ಸೆಂ.ಮೀ. ಏರಿದೆ, ಭಾಗಿಸಿದರೆ 0.9. ಆದರೆ ನಿಜವಾದ ಇಳಿಜಾರು 1.8. ಅಡ್ಡದ 2 ಸೆಂ.ಮೀ. ಎಂದರೆ 10 ಡಿಗ್ರಿ, ಲಂಬದ 1.8 ಸೆಂ.ಮೀ. ಎಂದರೆ 18 ಡಿಗ್ರಿ. ಮನೆಗಳನ್ನಲ್ಲ, ಮಾನಗಳನ್ನು ಎಣಿಸಬೇಕು. ಪ್ರಮಾಣ ಬದಲಿಸಿ ಯಾವ ಗೆರೆಯನ್ನಾದರೂ ಕಡಿದಾಗಿಯೋ ಚಪ್ಪಟೆಯಾಗಿಯೋ ತೋರಿಸಬಹುದು. ಪತ್ರಿಕೆಯಲ್ಲಿ, ಟಿವಿಯಲ್ಲಿ ಬರುವ ಗ್ರಾಫ್‌ಗಳನ್ನು ನೋಡುವಾಗಲೂ ಮೊದಲು ಅಕ್ಷದ ಮೇಲಿನ ಸಂಖ್ಯೆಗಳನ್ನು ಓದುವುದು ಇದಕ್ಕೇ.

ಇದೇ ಗೆರೆಯಲ್ಲಿ 37 ಡಿಗ್ರಿ ಸೆಲ್ಸಿಯಸ್‌ಗೆ ಎದುರಾಗಿ ಓದಿದರೆ 98ಕ್ಕೂ 99ಕ್ಕೂ ನಡುವೆ ಬರುತ್ತದೆ. ಲೆಕ್ಕ ಹಾಕಿದರೆ ಸರಿಯಾದ ಬೆಲೆ 98.6. ಲಂಬ ಅಕ್ಷದ ಒಂದು ಸಣ್ಣ ಮನೆ 1 ಡಿಗ್ರಿ ಆಗಿರುವಾಗ ಅದಕ್ಕಿಂತ ಸೂಕ್ಷ್ಮವಾದ ಉತ್ತರವನ್ನು ಈ ಹಾಳೆಯಿಂದ ಕೇಳಬಾರದು. ಗೆರೆಯನ್ನು ಎಡಕ್ಕೆ, ಋಣದ ಕಡೆಗೆ ಚಾಚಿದರೆ (−40, −40) ಎಂಬ ಬಿಂದು ಸಿಗುತ್ತದೆ. ಎರಡು ಅಳತೆಗಳೂ ಒಂದೇ ಸಂಖ್ಯೆ ತೋರಿಸುವ ಏಕೈಕ ತಾಪಮಾನ ಅದು.

ಋಣ ಇಳಿಜಾರಿಗೆ ನೀರಿನ ಟ್ಯಾಂಕ್ ಒಳ್ಳೆಯ ಉದಾಹರಣೆ. 1000 ಲೀಟರ್ ತುಂಬಿದ ಟ್ಯಾಂಕಿನಿಂದ ಪಂಪ್ ಒಂದೇ ವೇಗದಲ್ಲಿ ಗಂಟೆಗೆ 50 ಲೀಟರ್ ಎಳೆಯುತ್ತಿದ್ದರೆ, ಗ ಗಂಟೆಯ ನಂತರ ಉಳಿದ ನೀರು ನ = 1000 − 50ಗ. ಇಳಿಜಾರು −50. ಗೆರೆ ಅಡ್ಡ ಅಕ್ಷವನ್ನು 20ರಲ್ಲಿ ಮುಟ್ಟುತ್ತದೆ, ಅಂದರೆ 20 ಗಂಟೆಗೆ ಟ್ಯಾಂಕ್ ಖಾಲಿ. ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಬಾಣ ಹಾಕಬೇಡಿ. ಅದಕ್ಕೂ ಕೆಳಗೆ ಚಾಚಿದರೆ ಋಣ ಲೀಟರ್ ನೀರು ಇದೆ ಎಂದಾಗುತ್ತದೆ. ಪಂಪ್ ಬದಲು ತಳದ ನಲ್ಲಿ ತಿರುಗಿಸಿ ಬಿಟ್ಟರೆ ಮಟ್ಟ ಇಳಿದಂತೆ ನೀರಿನ ರಭಸವೂ ಇಳಿಯುತ್ತದೆ. ಆಗ ನಕ್ಷೆ ಬಾಗುತ್ತದೆ, ಈ ಸಮೀಕರಣ ಹೊಂದುವುದಿಲ್ಲ.

ಅಡ್ಡಗೆರೆ, ಲಂಬಗೆರೆ

ಲ = −2 ಎಂದರೆ ಅ ಬೆಲೆ ಏನೇ ಇರಲಿ, ಲ ಮಾತ್ರ −2. (−3, −2), (0, −2), (5, −2) ಸೇರಿಸಿದರೆ ಅಡ್ಡ ಅಕ್ಷಕ್ಕೆ ಸಮಾಂತರವಾದ ಗೆರೆ, ಇಳಿಜಾರು 0. ಅ = 4 ಎಂದರೆ ಲಂಬ ಅಕ್ಷಕ್ಕೆ ಸಮಾಂತರ. ಅದರ ಇಳಿಜಾರು ಕೇಳಿದರೆ 0 ಎನ್ನಬೇಡಿ. ಅಡ್ಡ ವ್ಯತ್ಯಾಸ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಬೇಕಾಗುವುದರಿಂದ ಅದಕ್ಕೆ ಇಳಿಜಾರೇ ಇಲ್ಲ. ಅ = 4 ನೋಡಿದ ಕೂಡಲೇ ಅಡ್ಡ ಅಕ್ಷದ ಉದ್ದಕ್ಕೆ ಗೆರೆ ಎಳೆಯಲು ಕೈ ಹೋಗುತ್ತದೆ. (4, 0), (4, 3), (4, −2) ಎಂದು ಮೂರು ಬಿಂದು ಬರೆದು ನೋಡಿದರೆ ಕೈ ತಾನೇ ಸರಿಹೋಗುತ್ತದೆ.

ಎರಡು ಗೆರೆಗಳು

ಹತ್ತನೇ ತರಗತಿಯಲ್ಲಿ ‘ನಕ್ಷಾ ವಿಧಾನದಿಂದ ಬಿಡಿಸಿ’ ಎಂದು ಕೇಳುವುದು ಇದನ್ನೇ. 2ಅ + ಲ = 8 ಮತ್ತು ಅ − ಲ = 1. ಎರಡಕ್ಕೂ ಪ್ರತ್ಯೇಕ ಪಟ್ಟಿ ಮಾಡಿ.

2ಅ + ಲ = 8: ಬಿಂದುಗಳು (0, 8), (2, 4), (4, 0)
ಅ − ಲ = 1: ಬಿಂದುಗಳು (0, −1), (1, 0), (5, 4)

ಒಂದೇ ಅಕ್ಷಗಳ ಮೇಲೆ, ಒಂದೇ ಪ್ರಮಾಣದಲ್ಲಿ ಎರಡನ್ನೂ ಎಳೆಯಿರಿ. ಅವು (3, 2)ರಲ್ಲಿ ಕೂಡುತ್ತವೆ. ಮೊದಲ ಗೆರೆಯ ಮೇಲಿರುವ ಬಿಂದುಗಳು ಮೊದಲ ಸಮೀಕರಣದ ಉತ್ತರಗಳು, ಎರಡನೆಯದರ ಮೇಲಿರುವವು ಎರಡನೆಯದರ ಉತ್ತರಗಳು. ಎರಡರ ಮೇಲೂ ಇರುವ ಬಿಂದು ಒಂದೇ, ಅದಕ್ಕೇ ಅದು ಜೋಡಿಯ ಉತ್ತರ. ಹಾಳೆಯಿಂದ ಓದಿದ್ದನ್ನು ಎರಡೂ ಸಮೀಕರಣಕ್ಕೆ ಹಾಕಿ: 6 + 2 = 8, 3 − 2 = 1. ಒಂದಕ್ಕೆ ಮಾತ್ರ ಹಾಕಿ ನಿಲ್ಲಿಸಬೇಡಿ, ಒಂದು ಗೆರೆಯನ್ನು ತಪ್ಪಾಗಿ ಎಳೆದಿದ್ದರೂ ಇನ್ನೊಂದು ತಾಳೆಯಾಗಿಬಿಡುತ್ತದೆ.

2ಅ + 3ಲ = 6 ಮತ್ತು 4ಅ + 6ಲ = 18 ಎಳೆದರೆ ಎಷ್ಟು ದೂರ ಚಾಚಿದರೂ ಕೂಡುವುದಿಲ್ಲ. ಸಹಗುಣಕಗಳು ಎರಡು ಪಟ್ಟು, ಸ್ಥಿರಾಂಕ ಮಾತ್ರ ಮೂರು ಪಟ್ಟು. ಇಳಿಜಾರು ಒಂದೇ, ಜಾಗ ಬೇರೆ, ಉತ್ತರವಿಲ್ಲ. 18ರ ಜಾಗದಲ್ಲಿ 12 ಇದ್ದಿದ್ದರೆ ಎರಡೂ ಒಂದೇ ಗೆರೆಯಾಗಿ, ಉತ್ತರಗಳು ಅಪರಿಮಿತವಾಗುತ್ತಿದ್ದವು. ಪಟ್ಟಿ ಮಾಡುವ ಮೊದಲೇ ಈ ಪಟ್ಟುಗಳನ್ನು ನೋಡಿಕೊಂಡರೆ ಕೂಡದ ಗೆರೆಗಳನ್ನು ಕೂಡಿಸಲು ಒದ್ದಾಡುವುದು ತಪ್ಪುತ್ತದೆ.

ಈಗ ಆಟೊಗೆ ಹಿಂದಿರುಗೋಣ. ದೂರ ದ ಕಿ.ಮೀ., ಬಾಡಿಗೆ ಬ ರೂಪಾಯಿ. 2 ಕಿ.ಮೀ. ದಾಟಿದ ಮೇಲೆ ಬ = 36 + 18(ದ − 2). ಮಕ್ಕಳು ಇಲ್ಲಿ ಸಾಮಾನ್ಯವಾಗಿ ಬ = 36 + 18ದ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಮೊದಲ ಎರಡು ಕಿ.ಮೀ.ಗೆ ಎರಡು ಸಲ ಹಣ ಕೊಟ್ಟಂತಾಗಿ, 5 ಕಿ.ಮೀ.ಗೆ 90ರ ಬದಲು 126 ಬರುತ್ತದೆ. ಆವರಣ ಬಿಡಿಸಿ: 36 + 18ದ − 36, ಅಂದರೆ ಬ = 18ದ. ಕನಿಷ್ಠ ದರ ಸರಿಯಾಗಿ 2 ಕಿ.ಮೀ.ಯ ಬೆಲೆಯೇ ಆಗಿರುವುದರಿಂದ 36 ಕರಗಿಹೋಯಿತು. ಗೆರೆಯನ್ನು ಹಿಂದಕ್ಕೆ ಚಾಚಿದರೆ ಮೂಲಬಿಂದುವಿಗೇ ಬರುತ್ತದೆ. ಆದರೆ ನಿಜವಾದ ನಕ್ಷೆ ಅಲ್ಲಿಗೆ ಬರುವುದಿಲ್ಲ. ಅರ್ಧ ಕಿ.ಮೀ. ಹೋದರೂ 36 ಕೊಡಬೇಕಾದ್ದರಿಂದ 2 ಕಿ.ಮೀ.ವರೆಗೆ 36ರ ಎತ್ತರದಲ್ಲಿ ಒಂದು ಅಡ್ಡಗೆರೆ, (2, 36)ರಲ್ಲಿ ತಿರುವು, ಅಲ್ಲಿಂದ 18ರ ಇಳಿಜಾರಿನ ಏರು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು ದರ. ಆಗ ಅಡ್ಡಗೆರೆ 54ಕ್ಕೆ ಏರುತ್ತದೆ, ಇಳಿಜಾರು 27 ಆಗುತ್ತದೆ, ತಿರುವು ಮಾತ್ರ ಅದೇ 2 ಕಿ.ಮೀ.ಯಲ್ಲಿ ಉಳಿಯುತ್ತದೆ.

ಹತ್ತಿದ ಕೂಡಲೇ 60 ರೂಪಾಯಿ, ಮೇಲೆ ಕಿ.ಮೀ.ಗೆ 12 ರೂಪಾಯಿ ಕೇಳುವ ಟ್ಯಾಕ್ಸಿ ಒಂದಿದೆ ಎಂದಿಟ್ಟುಕೊಳ್ಳಿ: ಬ = 60 + 12ದ. ಅಡ್ಡಕ್ಕೆ 1 ಸೆಂ.ಮೀ. = 2 ಕಿ.ಮೀ., ಲಂಬಕ್ಕೆ 1 ಸೆಂ.ಮೀ. = 20 ರೂಪಾಯಿ ಇಟ್ಟು ಹಗಲಿನ ಆಟೊ ದರದ ಗೆರೆಯ ಮೇಲೆಯೇ ಇದನ್ನೂ ಎಳೆಯಿರಿ. ಟ್ಯಾಕ್ಸಿಗೆ (0, 60), (5, 120), (15, 240). ಆಟೊಗೆ (2, 36), (5, 90), (15, 270). ಎರಡೂ (10, 180)ರಲ್ಲಿ ಕೂಡುತ್ತವೆ. ಆ ಬಿಂದುವಿನ ಎಡಕ್ಕೆ ಆಟೊದ ಗೆರೆ ಕೆಳಗಿದೆ, ಬಲಕ್ಕೆ ಟ್ಯಾಕ್ಸಿಯ ಗೆರೆ ಕೆಳಗಿದೆ. 10 ಕಿ.ಮೀ.ಗಿಂತ ಹತ್ತಿರದ ಪ್ರಯಾಣಕ್ಕೆ ಆಟೊ ಅಗ್ಗ, ಅದಕ್ಕಿಂತ ದೂರಕ್ಕೆ ಟ್ಯಾಕ್ಸಿ.